ನವಿರಿಗೂ ಒಂದು ಆಸರೆ

ದೆಹಲಿಗೆ ಬಂದು ನೆಲೆಸಿದ ಕನ್ನಡಿಗರು ಊರಿಗೆ ಬರೆಯುತ್ತಿದ್ದ ಮೊದಲ ಕಾಗದದಲ್ಲಿ ಎರಡು ದೂರುಗಳು ತಪ್ಪದೆ ಇರುತ್ತಿದ್ದವು. ಒಂದು ಇಲ್ಲಿಯ ಚಳಿ, ಇನ್ನೊಂದು ಇಲ್ಲಿಯ ನೀರು. ಈಗ ಕಾಗದ ಬರೆಯುವ ಪದ್ಧತಿ ಹೋಗಿದೆ; ಫೋನಿನಲ್ಲಿ ಮುಖ ನೋಡಿಕೊಂಡೇ ಮಾತನಾಡುತ್ತೇವೆ. ಆದರೆ ದೂರುಗಳು ಮಾತ್ರ ಅವೇ ಎರಡು. ಚಳಿಯ ವಿಷಯದಲ್ಲಿ ನಮ್ಮ ದೂರಿಗೆ ಆಧಾರವಿಲ್ಲದೆ ಇಲ್ಲ. ೨೦೨೧ರ ಜನವರಿ ೧ರಂದು ಸಫ್ದರ್‌ಜಂಗಿನ ಹವಾಮಾನ ಕೇಂದ್ರದಲ್ಲಿ ಉಷ್ಣತೆ ೧.೧ ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತು. ೧೯೩೫ರ ಜನವರಿಯಲ್ಲಂತೂ ಅದು ಸೊನ್ನೆಗಿಂತಲೂ ಕೆಳಕ್ಕೆ ಹೋದದ್ದುಂಟು. ಮೈಸೂರು ಸೀಮೆಯ ಹದವಾದ ಹವೆಯಲ್ಲಿ ಬೆಳೆದ ಮೈ ಇಂಥದಕ್ಕೆ ಬೆಚ್ಚಿದರೆ ಆಶ್ಚರ್ಯವೇನು? ನೀರಿನ ದೂರನ್ನು ಸ್ವಲ್ಪ ಮುಂದೆ ವಿಚಾರಿಸೋಣ.

ಬೆಚ್ಚಿದ ಮೈಯನ್ನು ನೀವು ನೋಡಿಕೊಂಡಿದ್ದೀರಷ್ಟೆ? ಜನವರಿಯ ಬೆಳಗ್ಗೆ ಬಚ್ಚಲುಮನೆಯಲ್ಲಿ ಸ್ವೆಟರು ಕಳಚಿದ ಕ್ಷಣವೇ ತೋಳಿನ ತುಂಬ ಸಣ್ಣ ಸಣ್ಣ ಮುಳ್ಳುಗಳು ಏಳುತ್ತವೆ. ಒಂದೊಂದು ಮುಳ್ಳಿನ ನೆತ್ತಿಯಲ್ಲೂ ಒಂದೊಂದು ರೋಮ, ಕವಾಯಿತಿಗೆ ನಿಂತ ಸಿಪಾಯಿಯ ಹಾಗೆ ನೆಟ್ಟಗೆ. ಇದಕ್ಕೆ ನಮ್ಮ ಭಾಷೆಯಲ್ಲಿ ಹೆಸರುಗಳು ಬೇಕಾದಷ್ಟಿವೆ. ಚಳಿಗೆ ಮೈ ಮುಳ್ಳೇಳುತ್ತದೆ, ಹೆದರಿಕೆಗೆ ಮೈ ಜುಮ್ಮೆನ್ನುತ್ತದೆ, ಕಥೆ ಕೇಳಿ ಮೈನವಿರೇಳುತ್ತದೆ, ಸಂತೋಷಕ್ಕೆ ಪುಳಕವಾಗುತ್ತದೆ, ಸಂಸ್ಕೃತದಲ್ಲಿ ಹೇಳಬೇಕೆಂದರೆ ರೋಮಾಂಚ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಎಂಟು ಸಾತ್ವಿಕ ಭಾವಗಳಲ್ಲಿ ಇದೂ ಒಂದು. ಸ್ಪರ್ಶ, ಭಯ, ಶೀತ, ಹರ್ಷ, ಕ್ರೋಧ, ರೋಗ ಇವು ಅದಕ್ಕೆ ಕಾರಣವೆಂದು ಆತ ಹೇಳುತ್ತಾನೆ. ಇಂದಿನ ವೈದ್ಯರು ಬರೆಯುವ ಪಟ್ಟಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ನಾನು ಇದೇ ಊರಿನ ಶಾಲೆಯೊಂದರಲ್ಲಿ ಬಹಳ ವರ್ಷ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಚರ್ಮದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಒಂದು ಓರೆಯಾದ ಕೂದಲನ್ನೂ, ಅದರ ಪಕ್ಕದಲ್ಲಿ ಒಂದು ಓರೆ ಗೆರೆಯನ್ನೂ ಎಳೆಯುತ್ತಿದ್ದೆ. ಆ ಗೆರೆಯೇ ರೋಮವನ್ನು ನಿಮಿರಿಸುವ ಸ್ನಾಯು. ವೈದ್ಯರ ಲ್ಯಾಟಿನ್ನಿನಲ್ಲಿ ಅರೆಕ್ಟರ್ ಪೈಲೈ. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಿದ್ದರು. ಅದರ ವಿಷಯವಾಗಿ ಸರಿಯಾದ ಪ್ರಶ್ನೆಯನ್ನು ಕೇಳಿದವನು ನನ್ನ ತಂಗಿಯ ಮಗ. ಅದೂ ಶಾಲೆ ಕಾಲೇಜುಗಳನ್ನೆಲ್ಲ ಮುಗಿಸಿ, ಗುರುಗ್ರಾಮದಲ್ಲಿ ಕೆಲಸಕ್ಕೆ ಸೇರಿ, ದ್ವಾರಕೆಯ ನಮ್ಮ ಮನೆಯಲ್ಲಿ ಇರುತ್ತಿದ್ದಾಗ.

ಹುಡುಗ ಮಂಡ್ಯದವನು. ಇಲ್ಲಿಗೆ ಬಂದ ಎರಡನೆಯ ವರ್ಷಕ್ಕೆ ಅವನ ಹಣೆ ಎರಡೂ ಮೂಲೆಗಳಿಂದ ಮೇಲಕ್ಕೆ ಹತ್ತತೊಡಗಿತು. ದಿಂಬಿನ ಮೇಲೆ ಕೂದಲು, ಬಾಚಣಿಗೆಯಲ್ಲಿ ಕೂದಲು, ಬಚ್ಚಲ ಜಾಲರಿಯಲ್ಲಿ ಕೂದಲು. ಆಗ ಊರಿನಲ್ಲಿ ಅವನಿಗೆ ಹೆಣ್ಣು ನೋಡುವ ಮಾತುಕತೆ ನಡೆದಿತ್ತು. ಕೇಳಬೇಕೆ? ಪ್ರತಿ ಭಾನುವಾರ ನನ್ನ ತಂಗಿಯ ಫೋನು. “ಅಲ್ಲಿಯ ನೀರು ಮಗುವಿಗೆ ಒಗ್ಗಲಿಲ್ಲ ಕಣೇ ಅಕ್ಕ” ಎಂದು ಅವಳು. “ಬೋರಿನ ನೀರು ದೊಡ್ಡಮ್ಮ, ಬರೀ ಸುಣ್ಣ” ಎಂದು ಇವನು. ಒಂದು ಕೂದಲ ಚಿಕಿತ್ಸೆಯ ಅಂಗಡಿಯವರು ಇವನಿಂದ ತಿಂಗಳ ಸಂಬಳದ ಬಹುಭಾಗವನ್ನು ಕಿತ್ತುಕೊಂಡು ಹನ್ನೆರಡು ಸೀಸೆ ಎಣ್ಣೆಯನ್ನು ಕೊಟ್ಟು ಕಳುಹಿಸಿದರು. ಎಣ್ಣೆ ಖರ್ಚಾಯಿತು, ಕೂದಲೂ ಖರ್ಚಾಯಿತು. ಕೊನೆಗೆ ಹುಡುಗ, “ಈ ಊರೇ ನನಗೆ ಆಗಿಬರುವುದಿಲ್ಲ. ಕೆಲಸ ಬಿಟ್ಟು ಬೆಂಗಳೂರಿಗೆ ಹೋಗುತ್ತೇನೆ” ಎಂದ.

ನೀರು ಒಗ್ಗಲಿಲ್ಲ ಎಂಬ ಮಾತಿನೊಳಗೆ ನಮ್ಮವರು ಏನೇನನ್ನು ತುಂಬಿಡುತ್ತಾರೆ ಎಂಬುದು ಪರಸ್ಥಳದಲ್ಲಿ ಬದುಕಿದವರಿಗೆ ಗೊತ್ತು. ಊಟದ ಹೊತ್ತಿಗೆ ಜೊತೆಗಾರರಿಲ್ಲ, ಭಾಷೆಯಲ್ಲಿ ಜಗಳವಾಡಲು ಬಾರದು, ಹಬ್ಬದ ದಿನವೂ ಆಫೀಸು, ಇದನ್ನೆಲ್ಲ ಬಾಯಿಬಿಟ್ಟು ಹೇಳಿಕೊಳ್ಳಲಾರದೆ ನೀರಿನ ಮೇಲೆ ಹೊರಿಸುತ್ತೇವೆ. ಹುಡುಗನ ಕೊರಗು ತಲೆಯ ಮೇಲಿನದಷ್ಟೇ ಅಲ್ಲ ಎಂದು ನನಗೆ ತಿಳಿಯುತ್ತಿತ್ತು. ಆದರೆ ಅದನ್ನು ಮಾತಿಗೆ ತರುವ ದಾರಿ ತಲೆಯ ಮೂಲಕವೇ ಇತ್ತು. ಆದ್ದರಿಂದ ಅವನನ್ನು ಚರ್ಮರೋಗದ ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದೆ.

ವೈದ್ಯರು ಸಣ್ಣ ದೀಪವುಳ್ಳ ಭೂತಗನ್ನಡಿಯಲ್ಲಿ ಅವನ ನೆತ್ತಿಯನ್ನು ನೋಡಿ, “ಇದು ನೀರಿನಿಂದ ಬಂದದ್ದಲ್ಲ, ತಂದೆತಾಯಿಗಳಿಂದ ಬಂದದ್ದು. ಬೇಗ ಬಂದಿರಿ, ಒಳ್ಳೆಯದಾಯಿತು. ಬೇರಿನ ಹಿಡಿತ ತಪ್ಪಿಹೋದ ಮೇಲೆ ಬಂದಿದ್ದರೆ ಕಷ್ಟವಾಗುತ್ತಿತ್ತು” ಎಂದರು. ಮೆಟ್ರೋದಲ್ಲಿ ಹಿಂದಿರುಗುವಾಗ ಹುಡುಗ ಕೇಳಿದ: “ಬೇರಿನ ಹಿಡಿತ ಎಂದರೇನು ದೊಡ್ಡಮ್ಮ?” ನಾನು ಕಪ್ಪುಹಲಗೆಯ ಆ ಓರೆ ಗೆರೆಯ ಕಥೆ ಹೇಳಿದೆ. ಅವನು ಸ್ವಲ್ಪ ಯೋಚಿಸಿ, “ತೋಳಿನ ಸ್ನಾಯು ಎಲುಬನ್ನು ಹಿಡಿದುಕೊಂಡಿರುತ್ತದೆ, ಸರಿ. ಚರ್ಮದಲ್ಲಿ ಎಲುಬೆಲ್ಲಿದೆ? ಈ ಸ್ನಾಯು ಏನನ್ನು ಹಿಡಿದುಕೊಂಡು ಎಳೆಯುತ್ತದೆ?” ಎಂದ.

ನೋಡಿ, ಪ್ರಶ್ನೆ ಎಂದರೆ ಇದು. ಹಗ್ಗ ಎಳೆಯುವವನಿಗೆ ಕಾಲೂರಲು ನೆಲ ಬೇಕು. ತೋಳಿನ ಸ್ನಾಯುವಿನ ತುದಿ ಬಿಗಿಯಾದ ಸ್ನಾಯುರಜ್ಜುವಾಗಿ ಎಲುಬಿಗೆ ಕಟ್ಟಿಕೊಂಡಿರುತ್ತದೆ. ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಈ ಬಡ ಸ್ನಾಯುವಿಗೆ ಗೂಟವೆಲ್ಲಿ? ಸುತ್ತಮುತ್ತ ಇರುವುದೆಲ್ಲ ಮೆತ್ತನೆಯ ಚರ್ಮ.

ಉತ್ತರ ಹೀಗಿದೆ. ನಮ್ಮ ಚರ್ಮದಲ್ಲಿ ತೆಳುವಾದ ಹೊರಚರ್ಮ, ಅದರ ಕೆಳಗೆ ದಪ್ಪನಾದ ಒಳಚರ್ಮ. ರೋಮ ಹುಟ್ಟುವ ಬಾವಿ, ಅಂದರೆ ರೋಮಕೂಪ, ಒಳಚರ್ಮದ ಆಳಕ್ಕೆ ಓರೆಯಾಗಿ ಇಳಿದಿರುತ್ತದೆ. ಸ್ನಾಯುವಿನ ಕೆಳತುದಿ ಈ ಕೂಪದ ಗೋಡೆಯಲ್ಲಿ, ಜಿಡ್ಡಿನ ಗ್ರಂಥಿಗಿಂತ ತುಸು ಕೆಳಗೆ, ಸ್ವಲ್ಪ ಉಬ್ಬಿದಂತಿರುವ ಒಂದು ಜಾಗದಲ್ಲಿ ಅಂಟಿಕೊಂಡಿದೆ. ಅಲ್ಲಿಂದ ಅದು, ಕೂದಲು ಯಾವ ಕಡೆಗೆ ವಾಲಿದೆಯೋ ಆ ಕಡೆಗೆ ಓರೆಯಾಗಿ ಮೇಲೇರಿ, ಹೊರಚರ್ಮದ ಸಮೀಪದವರೆಗೂ ಹೋಗುತ್ತದೆ. ಎರಡು ತುದಿಗಳಲ್ಲೂ ಅದರ ಹಿಡಿತ ಇಲಾಸ್ಟಿನ್ ಎಂಬ ಹಿಗ್ಗಿ ಕುಗ್ಗುವ ಎಳೆಗಳದು. ಮೇಲಿನ ತುದಿಯ ವಿಶೇಷವೇ ಬೇರೆ. ಅಲ್ಲಿ ಸ್ನಾಯು ಒಂದಾಗಿ ಉಳಿಯುವುದಿಲ್ಲ. ಹಲವು ಕವಲುಗಳಾಗಿ ಒಡೆಯುತ್ತದೆ. ಕವಲುಗಳ ಕೊನೆಯ ಎಳೆಗಳು ಚರ್ಮದಲ್ಲಿ ಮೊದಲೇ ಹರಡಿಕೊಂಡಿರುವ ಎಳೆಗಳ ಬಲೆಯೊಳಗೆ ಸೇರಿಹೋಗುತ್ತವೆ.

ಹುಡುಗನಿಗೆ ನಾನು ತೆಂಗಿನಮರದ ಉಪಮೆ ಕೊಟ್ಟೆ. ಮಾವಿನ ಮರಕ್ಕೆ ತಾಯಿಬೇರು ಉಂಟು, ತೆಂಗಿಗೆ ಇಲ್ಲ. ಆದರೂ ಉಡುಪಿಯಿಂದ ಕಾರವಾರದವರೆಗೆ ಕಡಲ ಮರಳಿನಲ್ಲಿ ಮಳೆಗಾಳಿಗೆ ಎದೆಕೊಟ್ಟು ನಿಂತಿರುವುದು ತೆಂಗೇ. ಬುಡದಿಂದ ನೂರಾರು ಸಣ್ಣ ಬೇರುಗಳು ಸುತ್ತಲೂ ಹರಡಿ ಮರಳನ್ನೇ ಅಪ್ಪಿಕೊಂಡಿರುತ್ತವೆ. ಒಂದೊಂದು ಬೇರನ್ನೂ ಕೈಯಿಂದ ಕಿತ್ತುಬಿಡಬಹುದು; ಎಲ್ಲ ಸೇರಿದರೆ ಬಿರುಗಾಳಿಗೂ ಜಗ್ಗವು. ಗೂಟ ಸಿಕ್ಕದ ನೆಲದಲ್ಲಿ ನಿಲ್ಲುವ ಉಪಾಯ ಇದು.

ಸ್ನಾಯು ಕುಗ್ಗಿದಾಗ ಏನಾಗುತ್ತದೆ? ಓರೆಯಾಗಿದ್ದ ಕೂದಲು ಎದ್ದು ನಿಲ್ಲುತ್ತದೆ. ಅದರ ಬುಡದ ಸುತ್ತಣ ಚರ್ಮ ಉಬ್ಬುತ್ತದೆ. ಮೇಲಿನ ತುದಿ ಹಿಡಿದುಕೊಂಡಿರುವ ಜಾಗದಲ್ಲಿ ಚರ್ಮ ಒಂದಿಷ್ಟು ಒಳಕ್ಕೆ ಜಗ್ಗುತ್ತದೆ. ಆ ಉಬ್ಬೇ ನಮ್ಮ ಮುಳ್ಳು. ಇದೆಲ್ಲ ನಮ್ಮ ಅಪ್ಪಣೆ ಕೇಳಿ ಆಗುವುದಲ್ಲ. ಹೃದಯದ ಬಡಿತವನ್ನು ಹೆಚ್ಚಿಸುವ ಅನುವೇದಕ ನರಮಂಡಲವೇ ಇದನ್ನೂ ಆಡಿಸುತ್ತದೆ. ಅಂಗೈಯಲ್ಲಿ, ಅಂಗಾಲಿನಲ್ಲಿ ರೋಮವಿಲ್ಲ, ಮುಳ್ಳೂ ಇಲ್ಲ. ಕಣ್ಣಿನ ರೆಪ್ಪೆಗೂದಲಿಗೆ ಈ ಸ್ನಾಯುವಿಲ್ಲ. ಎಂಥ ದೆವ್ವದ ಕಥೆ ಕೇಳಿದರೂ ಅದು ಇದ್ದ ಹಾಗೆಯೇ ಇರುತ್ತದೆ. ಬೆಕ್ಕು ನಾಯಿಗಳಿಗೆ ಇದರ ಪ್ರಯೋಜನ ಉಂಟು: ನಿಮಿರಿದ ತುಪ್ಪಳದ ನಡುವೆ ಗಾಳಿ ಸಿಕ್ಕಿಕೊಂಡು ಮೈ ಬೆಚ್ಚಗಾಗುತ್ತದೆ, ಶತ್ರುವಿಗೆ ಮೈ ದೊಡ್ಡದಾಗಿ ಕಾಣುತ್ತದೆ. ನಮಗೆ ಅಷ್ಟು ಕೂದಲಿಲ್ಲವಾದ್ದರಿಂದ ಸ್ವೆಟರನ್ನೇ ಹಾಕಿಕೊಳ್ಳಬೇಕು.

ಈ ಸ್ನಾಯುವನ್ನು ಕಂಡುಹಿಡಿದ ಕೀರ್ತಿ ಹತ್ತೊಂಬತ್ತನೆಯ ಶತಮಾನದ ಕೋಲಿಕರ್ ಎಂಬ ಸ್ವಿಸ್ ವಿಜ್ಞಾನಿಗೆ ಸಲ್ಲುತ್ತದೆ. ೧೮೫೩ರಲ್ಲಿ ಲಂಡನ್ನಿನ ತರುಣ ವೈದ್ಯನೊಬ್ಬ ನೆತ್ತಿಯ ಚರ್ಮವನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಚರ್ಮದ ಸ್ನಾಯುಗಳ ಮೇಲೆ ಲೇಖನ ಬರೆದ. ಆತನೇ ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಗಾಯ ಕೀವಾಗದಂತೆ ಕಾಯುವ ವಿಧಾನವನ್ನು ಲೋಕಕ್ಕೆ ಕಲಿಸಿದ ಜೋಸೆಫ್ ಲಿಸ್ಟರ್. ೧೮೭೨ರಲ್ಲಿ ಡಾರ್ವಿನ್, ಮನುಷ್ಯರೂ ಪ್ರಾಣಿಗಳೂ ಭಾವಗಳನ್ನು ತೋರಿಸುವ ರೀತಿಯನ್ನು ಕುರಿತ ತನ್ನ ಗ್ರಂಥದಲ್ಲಿ, ಕೋಪಕ್ಕೂ ಭಯಕ್ಕೂ ರೋಮ ನಿಮಿರುವುದನ್ನು ವಿಸ್ತಾರವಾಗಿ ವರ್ಣಿಸಿದ. ಭರತಮುನಿ ರಂಗದ ಮೇಲೆ ಕಂಡದ್ದನ್ನು ಈತ ಕಾಡಿನಲ್ಲಿಯೂ ಕಂಡ ಎನ್ನೋಣ.

ಇಷ್ಟಾದರೂ ಒಂದು ಸಂಗತಿ ಬಹುಕಾಲ ಒಗಟಾಗಿಯೇ ಇತ್ತು. ತಲೆಯ ತುಂಬ ಸಾವಿರಾರು ರೋಮಕೂಪಗಳು. ಪ್ರತಿಯೊಂದು ಸ್ನಾಯುವೂ ಕೂಪದ ಆ ಉಬ್ಬನ್ನೇ ಹೇಗೆ ಹುಡುಕಿಕೊಂಡು ಹೋಗಿ ಹಿಡಿಯುತ್ತದೆ? ಉಬ್ಬಿನಲ್ಲಿ ಇರುವವು ಕೂದಲಿನ ಮೂಲಕೋಶಗಳು, ಇಂಗ್ಲಿಷರ ಸ್ಟೆಮ್ ಸೆಲ್ಲುಗಳು. ಉದುರಿದ ಕೂದಲಿನ ಜಾಗದಲ್ಲಿ ಹೊಸದು ಹುಟ್ಟುವುದು ಇವುಗಳ ಕೃಪೆಯಿಂದ. ೨೦೧೧ರಲ್ಲಿ ಕೇಂಬ್ರಿಜ್ಜಿನ ಸಂಶೋಧಕರು ಇಲಿಗಳಲ್ಲಿ ಕಂಡದ್ದೇನೆಂದರೆ, ಈ ಮೂಲಕೋಶಗಳೇ ತಮ್ಮ ಸುತ್ತ ನೆಫ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಬಳಿದಿಡುತ್ತವೆ. ಬಾಗಿಲ ಮುಂದೆ ರಂಗೋಲಿ ಇಟ್ಟ ಹಾಗೆ! ಸ್ನಾಯುವಾಗಬೇಕಾದ ಕೋಶಗಳು ಅದನ್ನು ಗುರುತಿಸಿ ಅಲ್ಲಿ ಬಂದು ನಿಲ್ಲುತ್ತವೆ. ಆ ಪ್ರೋಟೀನು ಇಲ್ಲದ ಇಲಿಗಳಲ್ಲಿ ಸ್ನಾಯುಗಳ ಸಂಖ್ಯೆ ಕಡಿಮೆಯಾಯಿತು. ಇದ್ದವು ಉಬ್ಬಿಗಿಂತ ಮೇಲೆ, ಅದರದೇ ದಾಯಾದಿಯಾದ ಇನ್ನೊಂದು ಪ್ರೋಟೀನು ಹೆಚ್ಚಾಗಿ ಸೇರಿದ್ದ ಕಡೆ, ಹೋಗಿ ಅಂಟಿಕೊಂಡವು.

ಉಪಕಾರ ಒಂದೇ ಕಡೆಯಿಂದ ನಡೆಯುವುದಿಲ್ಲ. ೨೦೨೦ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು, ಇದೂ ಇಲಿಗಳಲ್ಲಿಯೇ, ತೋರಿಸಿದ್ದು ಹೀಗೆ: ಚಳಿಯ ಸುದ್ದಿ ತರುವ ನರ ಸ್ನಾಯುವನ್ನು ಮಾತ್ರವಲ್ಲ, ಮೂಲಕೋಶಗಳನ್ನೂ ಮುಟ್ಟುತ್ತದೆ. ಆ ನರವನ್ನು ಅಲ್ಲಿ ನಿಲ್ಲಿಸಿಟ್ಟಿರುವುದು ಈ ಸ್ನಾಯು. ಸ್ನಾಯುವನ್ನು ತೆಗೆದರೆ ನರವೂ ಹಿಂದೆ ಸರಿಯುತ್ತದೆ, ಹೊಸ ಕೂದಲು ಹುಟ್ಟುವುದು ನಿಧಾನವಾಗುತ್ತದೆ. ಚಳಿ ಬಹಳ ಹೊತ್ತು ಹಿಡಿದರೆ ಅದೇ ನರ ಮೂಲಕೋಶಗಳನ್ನು ಎಬ್ಬಿಸಿ ಹೊಸ ಕೂದಲನ್ನು ಬೆಳೆಸುತ್ತದೆ. ಅಂದರೆ ಬೇರು ಸ್ನಾಯುವಿಗೆ ಜಾಗ ಕೊಡುತ್ತದೆ. ಸ್ನಾಯು ಬೇರಿಗೆ ಹೊರಗಿನ ಸುದ್ದಿ ತಲುಪುವ ದಾರಿಯನ್ನು ಕಾಯುತ್ತದೆ.

ಇನ್ನು ನಮ್ಮ ಹುಡುಗನ ತಲೆಗೆ ಬರೋಣ. ನೆತ್ತಿಯ ಕೂದಲು ಒಂಟಿಯಾಗಿ ಬೆಳೆಯುವುದು ಕಡಿಮೆ. ಎರಡು ಮೂರು ನಾಲ್ಕು ಒಂದೇ ಕಡೆ ಕೂಡಿ, ಅವಿಭಕ್ತ ಕುಟುಂಬದ ಹಾಗೆ ಹುಟ್ಟುತ್ತವೆ. ಅದರಲ್ಲಿ ಒಂದು ಹಿರಿಯ ಕೂದಲು, ಉಳಿದವು ಕಿರಿಯವು. ಒಂದೇ ಸ್ನಾಯು ಎಲ್ಲವನ್ನೂ ಹಿಡಿದುಕೊಂಡಿರುತ್ತದೆ. ಗಂಡಸರ ಬೋಳುತಲೆಯಲ್ಲಿ, ವಂಶದಿಂದ ಬಂದ ಗುಣಕ್ಕೂ ಪುರುಷ ಹಾರ್ಮೋನಿಗೂ ಸಿಕ್ಕಿ ರೋಮಕೂಪಗಳು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತವೆ. ಮೆಲ್ಬರ್ನಿನ ಸಂಶೋಧಕರು ಇಂಥ ನೆತ್ತಿಯ ಚರ್ಮವನ್ನು ಪರೀಕ್ಷಿಸಿ ಕಂಡದ್ದು ಇದು: ಮೊದಲು ಕಿರಿಯ ಕೂದಲುಗಳಿಂದ ಸ್ನಾಯುವಿನ ಹಿಡಿತ ಬಿಡುತ್ತದೆ, ಕೊನೆಗೆ ಹಿರಿಯದರಿಂದಲೂ ಬಿಡುತ್ತದೆ, ಸ್ನಾಯುವಿದ್ದ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಆ ಮೇಲೆ ಕೂದಲು ಮರಳಿ ದಪ್ಪವಾಗುವುದು ಬಹಳ ಕಷ್ಟ. ಆದರೆ ನಾಣ್ಯದಷ್ಟು ಅಗಲಕ್ಕೆ ಥಟ್ಟನೆ ಕೂದಲು ಉದುರುವ ಇನ್ನೊಂದು ರೋಗವುಂಟು. ಅದರಲ್ಲಿ ಸ್ನಾಯುವಿನ ಹಿಡಿತ ಉಳಿದಿರುತ್ತದೆ. ಅಲ್ಲಿ ಎಷ್ಟೋ ವೇಳೆ ಕೂದಲು ತಾನಾಗಿಯೇ ಮರಳಿ ಬರುತ್ತದೆ. ಉದುರಿದ್ದು ಎಷ್ಟು ಎಂಬುದಕ್ಕಿಂತ ಹಿಡಿತ ಉಳಿದಿದೆಯೇ ಎಂಬುದು ಮುಖ್ಯ.

ಹಾಗಾದರೆ ನೀರಿನ ತಪ್ಪು? ಗಡಸು ನೀರು ಹೊರಗಿನ ಕೂದಲನ್ನು ಒರಟು ಮಾಡಬಹುದು, ಸೋಪಿನ ನೊರೆಯನ್ನು ಕೆಡಿಸಬಹುದು. ಒಳಚರ್ಮದ ಆಳದಲ್ಲಿ ನಡೆಯುವ ಈ ವ್ಯವಹಾರಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ತಂಗಿಗೆ ಫೋನಿನಲ್ಲಿ ಹೇಳಿದೆ: “ಹುಟ್ಟಿದಂದಿನಿಂದ ಕಾವೇರಿ ನೀರು ಕುಡಿದು ಬೆಳೆದ ನಿನ್ನ ಯಜಮಾನರ ತಲೆಯನ್ನು ಒಮ್ಮೆ ನೋಡಮ್ಮ.” ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಭಾವನವರು ದೊಡ್ಡದಾಗಿ ನಗುವುದು ಕೇಳಿಸಿತು. ಅವರಿಗೆ ಮೂವತ್ತೈದಕ್ಕೇ ನೆತ್ತಿ ಕನ್ನಡಿಯಾಗಿತ್ತು.

ವೈದ್ಯರು ಹೇಳಿದ ಔಷಧವನ್ನು ಹುಡುಗ ಕ್ರಮವಾಗಿ ನಡೆಸಿದ. ಹೋದ ಕೂದಲೆಲ್ಲ ಬಂದಿತೆಂದು ಹೇಳಿದರೆ ಸುಳ್ಳಾಗುತ್ತದೆ. ಇದ್ದದ್ದು ಬಹುಮಟ್ಟಿಗೆ ಉಳಿಯಿತು. ಅಷ್ಟಕ್ಕೆ ಅವನ ಎಲ್ಲ ಕೊರಗೂ ಹೋಗಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಅವನೇ ತೆಗೆದ: “ದೊಡ್ಡಮ್ಮ, ನೀವು ದೊಡ್ಡಪ್ಪನ ಜೊತೆ ಇಲ್ಲಿಗೆ ಬಂದಾಗ ಏನನ್ನು ಹಿಡಿದುಕೊಂಡು ನಿಂತಿರಿ?”

ನಾನು ಲೆಕ್ಕ ಹಾಕಿ ನೋಡಿದೆ. ಎಲುಬಿನಂಥದು ಒಂದೂ ಇರಲಿಲ್ಲ. ಮನೆ ಸರ್ಕಾರದ್ದು, ಭಾಷೆ ಬೇರೆಯವರದು, ನೆಂಟರಿದ್ದದ್ದು ಎರಡು ರಾತ್ರಿಯ ರೈಲಿನಾಚೆ. ಹಿಡಿದುಕೊಂಡದ್ದೆಲ್ಲ ಎಳೆಗಳು. ಐಎನ್ಎ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಸಿಕ್ಕಿದ್ದು ಒಂದು ಎಳೆ. ಲೋದಿ ಎಸ್ಟೇಟಿನ ಕನ್ನಡ ಶಾಲೆಯ ಅಂಗಳದಲ್ಲಿ ಮಕ್ಕಳು ಕನ್ನಡದಲ್ಲಿ ಕೂಗಾಡುವುದು ಕಿವಿಗೆ ಬಿದ್ದದ್ದು ಒಂದು ಎಳೆ. ರಾವ್ ತುಲಾರಾಂ ಮಾರ್ಗದ ಕರ್ನಾಟಕ ಸಂಘದಲ್ಲಿ ಯಕ್ಷಗಾನದ ಚೆಂಡೆ ಕೇಳಿದ್ದು ಒಂದು. ಇಷ್ಟೇ ಆದರೆ ನಾವು ನಮ್ಮನ್ನೇ ಹಿಡಿದುಕೊಂಡ ಹಾಗಾಯಿತು. ಮಗ ಹುಟ್ಟಿದಾಗ ನಲವತ್ತು ದಿನ ಪಂಜೀರಿ ಮಾಡಿ ತಂದುಕೊಟ್ಟ ಪಕ್ಕದ ಮನೆಯ ಪಂಜಾಬಿ ಅಜ್ಜಿ, ಲೋಹ್ರಿಯ ಬೆಂಕಿಯ ಮುಂದೆ ನಮಗೂ ಜಾಗ ಬಿಟ್ಟ ಬೀದಿಯವರು, “ಕರಿಬೇವು” ಎಂಬ ಮಾತನ್ನು ಕಲಿತು ನನ್ನನ್ನು ಕಂಡೊಡನೆ ಕೂಗುತ್ತಿದ್ದ ತರಕಾರಿಯವನು, ಇವರೂ ಒಂದೊಂದು ಎಳೆಯೇ. ಅವರು ಈ ನೆಲದಲ್ಲಿ ಮೊದಲೇ ಬಲೆಯಾಗಿ ಹರಡಿಕೊಂಡಿದ್ದರು. ನಮ್ಮ ಎಳೆ ಹೋಗಿ ಅದರೊಳಗೆ ಸೇರಿತು.

ಇದನ್ನೆಲ್ಲ ಅವನಿಗೆ ಹೇಳಿದೆ. ಉಪದೇಶ ಮಾಡಲಿಲ್ಲ, ಇರು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬೆಂಗಳೂರಿಗೆ ಹೋದರೆ ಅಲ್ಲಿಯೂ ಮಂಡ್ಯದ ಹುಡುಗ ಹೊಸದಾಗಿಯೇ ಎಳೆ ಹಾಕಬೇಕಷ್ಟೆ ಎಂದು ಮಾತ್ರ ಹೇಳಿದೆ. ಅವನು ಏನೂ ಅನ್ನದೆ ತಟ್ಟೆಗಳನ್ನು ಎತ್ತಿ ಒಳಗಿಟ್ಟ. ಮರುವಾರ ಆಫೀಸಿನ ಮೂವರು ಗೆಳೆಯರನ್ನು ಮನೆಗೆ ಊಟಕ್ಕೆ ಕರೆತಂದ. ಒಬ್ಬ ಬಿಹಾರದವನು, ಒಬ್ಬ ಮಣಿಪುರದವನು, ಒಬ್ಬಳು ಇಲ್ಲಿಯ ರೋಹ್ತಕ್ಕಿನವಳು. ಎರಡು ವರ್ಷದಿಂದ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರನ್ನು ಅವನು ಮನೆಗೆ ಕರೆದದ್ದು ಅದೇ ಮೊದಲು. ನನ್ನ ಬಿಸಿಬೇಳೆಭಾತನ್ನು ಬಿಹಾರದ ಹುಡುಗ ಖಿಚಡಿ ಎಂದು ಕರೆದ, ನಾನು ಕ್ಷಮಿಸಿದೆ.

ಬೆಂಗಳೂರಿಗೆ ಹೋಗುವ ಮಾತು ಆಮೇಲೆ ಬರಲಿಲ್ಲ. ಮುಂದಿನ ವರ್ಷ ಹಾಸನದ ಕಡೆಯ ಹುಡುಗಿಯೊಡನೆ ಮದುವೆಯಾಯಿತು. ಅವಳು ಅವನ ಹಣೆಯನ್ನು ಕುರಿತು ಏನೂ ಕೇಳಲಿಲ್ಲವಂತೆ. ದೆಹಲಿಯ ಚಳಿ ಹೇಗೆ ಎಂದಷ್ಟೇ ಕೇಳಿದಳಂತೆ. ಡಿಸೆಂಬರಿನಲ್ಲಿ ಇಲ್ಲಿಗೆ ಬಂದಿಳಿದ ಮೊದಲ ಸಂಜೆ ಶಾಲು ಹೊದ್ದು ಕುಳಿತು, ತೋಳನ್ನು ನೋಡಿಕೊಂಡು, “ಮೈಯೆಲ್ಲ ಮುಳ್ಳು” ಎಂದಳು. ಹುಡುಗ ನನ್ನ ಮುಖ ನೋಡಿ ನಕ್ಕು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳಿಗೆ ಆ ಓರೆ ಗೆರೆಯ ಕಥೆಯನ್ನು ಹೇಳತೊಡಗಿದ. ಹೊರಚರ್ಮ ಒಳಚರ್ಮಗಳ ವಿಷಯದಲ್ಲಿ ಒಂದೂ ತಪ್ಪಲಿಲ್ಲ. ನಾನು ಎದ್ದು ಕಾಫಿಗೆ ನೀರಿಟ್ಟೆ.